ಮಾವನಿಗೆ ನಾವು ಹೇಳಿದ್ದು "ಗಡ್ಡೆ" ಅಂತ ಮಾತ್ರ

ಒಂದೂವರೆ ವರ್ಷ ನಮ್ಮ ಮನೆಯಲ್ಲಿ ಕ್ಯಾನ್ಸರ್ ಎಂಬ ಶಬ್ದವನ್ನು ಯಾರೂ ಬಾಯಿಗೆ ತರಲಿಲ್ಲ. ಮಾವನಿಗೆ ಹೇಳುವುದು ಬೇಡ ಅಂತ ತೀರ್ಮಾನ ಮಾಡಿದ್ದು ಅಮ್ಮ, ಅತ್ತೆ ಮತ್ತು ನಾನು. ಆಸ್ಪತ್ರೆಯ ಕ್ಯಾಂಟೀನಿನಲ್ಲಿ, ತರಿಸಿದ ಗೋಳಿಬಜೆಯನ್ನು ಮೂವರೂ ಮುಟ್ಟದೆ ಕೂತಿದ್ದಾಗ. ಪ್ರೀತಿಯಿಂದಲೇ ಮಾಡಿದ್ದು. ಆದರೆ ತಪ್ಪು ಮಾಡಿದೆವು.

ಶುರುವಾದದ್ದು ಬೇಸಗೆಯಲ್ಲಿ. ಮೂತ್ರ ಕೆಂಪಗೆ ಪುನರ್ಪುಳಿ ಶರಬತ್ತಿನ ಬಣ್ಣಕ್ಕೆ ಬಂದಿದೆ ಅಂತ ಮಾವನೇ ನಗಾಡುತ್ತಾ ಹೇಳಿದ್ದು. ನೋವಿಲ್ಲ, ಉರಿಯಿಲ್ಲ. "ಉಷ್ಣ ಆಗಿರ್ಬೇಕು ಮಾರಾಯ" ಅಂತ ದಿನಕ್ಕೆರಡು ಸೀಯಾಳ ಕುಡಿದರು. ನಾಲ್ಕನೇ ದಿನ ಬಣ್ಣ ಹೋಯಿತು, ಸೀಯಾಳಕ್ಕೆ ಒಳ್ಳೆಯ ಹೆಸರು ಬಂತು. ಈ ಕಾಯಿಲೆಯ ಕಪಟವೇ ಅದು, ರಕ್ತ ತಾನಾಗಿ ಬರುತ್ತದೆ, ತಾನಾಗಿ ನಿಲ್ಲುತ್ತದೆ. ಮಳೆಗಾಲದಲ್ಲಿ ಹೆಪ್ಪುಗಟ್ಟಿದ ರಕ್ತ ಎರೆಹುಳದ ಹಾಗೆ ಉದ್ದುದ್ದ ಬಂದ ಮೇಲೆಯೇ ಸ್ಕ್ಯಾನಿಂಗಿಗೆ ಓಡಿದ್ದು. ಎಡ ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ಮೂತ್ರನಾಳದಲ್ಲಿ ಗಡ್ಡೆ.

ಆಪರೇಷನ್ ದೊಡ್ಡದು. ಎಡ ಕಿಡ್ನಿ, ಅದರ ನಾಳ ಪೂರ್ತಿ, ನಾಳ ಮೂತ್ರಕೋಶಕ್ಕೆ ಸೇರುವ ಕಡೆ ಅದರದ್ದೂ ಒಂದು ತುಂಡು, ಎಲ್ಲ ತೆಗೆದರು. ಆಸ್ಪತ್ರೆಯ ಹೆಸರು ಬೇಡ, ಕೆಲಸ ಚೆನ್ನಾಗಿಯೇ ಮಾಡಿದ್ದಾರೆ. ನನ್ನ ತಕರಾರು ಡಿಸ್ಚಾರ್ಜ್ ಚೀಟಿಯ ಕೊನೆಯ ಸಾಲಿನ ಬಗ್ಗೆ. "ರೆಗ್ಯುಲರ್ ಫಾಲೋ ಅಪ್" ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ಎಷ್ಟು ದಿನಕ್ಕೊಮ್ಮೆ, ಏಕೆ, ತಪ್ಪಿಸಿದರೆ ಏನಾಗುತ್ತದೆ, ಯಾರೂ ಹೇಳಲಿಲ್ಲ. ರೌಂಡ್ಸಿಗೆ ಬಂದವರು "ಎಲ್ಲ ತೆಗೆದಿದ್ದೇವೆ" ಅಂದರು. ನಮಗೂ ಅಷ್ಟೇ ಬೇಕಿತ್ತು.

ಮೂರು ತಿಂಗಳಿಗೆ ಮೊದಲ ಸಿಸ್ಟೋಸ್ಕೋಪಿ. ಕ್ಯಾಮೆರಾ ಇರುವ ಪೈಪನ್ನು ಮೂತ್ರದ ದಾರಿಯಲ್ಲೇ ಹಾಕಿ ಮೂತ್ರಕೋಶ ನೋಡುವುದು. ಎಪ್ಪತ್ತರ ಹತ್ತಿರದ ಗಂಡಸು, ಮಕ್ಕಳ ಪ್ರಾಯದ ನರ್ಸುಗಳ ಎದುರು. ಹೊರಗೆ ಬಂದವರು ಕೇಳಿದರು: "ಗಡ್ಡೆ ಇದ್ದದ್ದು ಮೇಲೆ. ಇವರು ಪೈಪ್ ಹಾಕುದು ಕೆಳಗೆ. ಎಂತಕ್ಕೆ?"

ನ್ಯಾಯವಾದ ಪ್ರಶ್ನೆ. ಸುಳ್ಳು ಬಿಡದೆ ಉತ್ತರ ಕೊಡುವ ದಾರಿಯನ್ನು ನಾವೇ ಮುಚ್ಚಿಕೊಂಡಿದ್ದೆವು. "ಡಾಕ್ಟ್ರು ಹೇಳಿದ್ದಾರೆ" ಅಂದೆ. ಮುಂದಿನ ಸಲ ಕುಟುಂಬದ ಮನೆಯಲ್ಲಿ ದೈವದ ನೇಮ ಅಂತ ತಪ್ಪಿಸಿದರು, ಅದರ ನಂತರ ಮಳೆ ಅಂತ. ನಾವೂ ಒತ್ತಾಯ ಮಾಡಲಿಲ್ಲ. ಒಂಬತ್ತು ತಿಂಗಳು ಹೋಯಿತು. ಮತ್ತೆ ಪುನರ್ಪುಳಿ ಬಣ್ಣ.

ಆ ದಿನ ಡಾಕ್ಟರು ನನ್ನನ್ನು ಒಳಗೆ ಕರೆದು ಪರದೆ ತೋರಿಸಿದರು. ಬಾವಿಯ ಕಲ್ಲಿಗೆ ಹಿಡಿದ ಪಾಚಿ ನೀರಿನಲ್ಲಿ ಅಲ್ಲಾಡುತ್ತದಲ್ಲ, ಹಾಗೆ ನಸುಗೆಂಪು ಎಳೆಗಳು ಮೂತ್ರಕೋಶದ ಗೋಡೆಯಿಂದ ಎದ್ದು ಓಲಾಡುತ್ತಿದ್ದವು. ನಾಲ್ಕು ಕಡೆ.

ಆಪರೇಷನ್ ಸರಿ ಮಾಡಲಿಲ್ಲ ಅಂತ ಅಮ್ಮ, ಗುಳಿಗ ದೈವದ ಹರಕೆ ಬಾಕಿ ಉಂಟು ಅಂತ ಅತ್ತೆ. ಎರಡೂ ಅಲ್ಲ. ಕಿಡ್ನಿಯೊಳಗಿನ ಬಟ್ಟಲು, ನಾಳ, ಮೂತ್ರಕೋಶ, ಮೂರಕ್ಕೂ ಒಳಗಿನ ಅಸ್ತರು ಒಂದೇ. ಈ ಅಸ್ತರಿನ ಕ್ಯಾನ್ಸರ್ ಹೆಚ್ಚಾಗಿ ಬರುವುದು ಮೂತ್ರಕೋಶದಲ್ಲಿ, ಮೇಲೆ, ಅಂದರೆ ಬಟ್ಟಲಲ್ಲೋ ನಾಳದಲ್ಲೋ ಬರುವುದು ನೂರರಲ್ಲಿ 5ರಿಂದ 10 ಮಾತ್ರ. ಆದರೆ ಮೇಲೆ ಬಂದು ಆಪರೇಷನ್ ಆದವರಲ್ಲಿ ನೂರಕ್ಕೆ 22ರಿಂದ 47 ಜನರಿಗೆ ಮುಂದೆ ಮೂತ್ರಕೋಶದಲ್ಲಿ ಕಾಣಿಸಿಕೊಳ್ಳುತ್ತದೆ. ಉಳಿದ ಕಿಡ್ನಿಯ ಕಡೆ ಬರುವುದು 2ರಿಂದ 6 ಜನರಿಗೆ. ಒಂದೋ ಅಸ್ತರೇ ಮೊದಲೇ ಕೆಟ್ಟಿರುತ್ತದೆ, ಇಲ್ಲವೇ ಮೇಲಿನ ಗಡ್ಡೆಯ ಕಣಗಳು ಮೂತ್ರದ ಜೊತೆ ಇಳಿದು ಕೆಳಗೆ ಬೇರು ಹಿಡಿಯುತ್ತವೆ. ಹಾಗಾಗಿ "ಪುನಃ ಬಂತು" ಅಂದರೆ ಎಲ್ಲ ಮುಗಿಯಿತು ಅಂತಲೂ ಅಲ್ಲ. ಮೂತ್ರಕೋಶದಲ್ಲಿ ಬಂದದ್ದು ಎಷ್ಟೋ ಸಲ ಮೇಲ್ಪದರದಲ್ಲೇ ಇರುತ್ತದೆ, ಹೊಟ್ಟೆ ಕೊಯ್ಯದೆ ಅದೇ ದಾರಿಯಲ್ಲಿ ಹೆರೆದು ತೆಗೆಯಬಹುದು. ಶ್ವಾಸಕೋಶಕ್ಕೋ ಲಿವರಿಗೋ ಹರಡಿದರೆ ಅದರ ಕತೆ ಬೇರೆ, ಸಿಟಿ ಸ್ಕ್ಯಾನ್ ಮಾಡಿಸುವುದು ಅದಕ್ಕೆ.

ಇನ್ನೊಂದು ವಿಷಯ ನನಗೆ ತಡವಾಗಿ ಗೊತ್ತಾಯಿತು. ದೊಡ್ಡ ಆಪರೇಷನ್ ಆದ ಮೇಲೆ ಮೂತ್ರಕೋಶಕ್ಕೆ ಒಂದೇ ಸಲ ಮೈಟೋಮೈಸಿನ್ ಎಂಬ ಔಷಧಿ ಬಿಡುವ ಕ್ರಮವಿದೆ. 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ, ಮೊದಲ ವರ್ಷ ಮೂತ್ರಕೋಶದಲ್ಲಿ ಮರುಕಳಿಸಿದ್ದು ಔಷಧಿ ಸಿಗದವರಲ್ಲಿ ನೂರಕ್ಕೆ 27, ಸಿಕ್ಕವರಲ್ಲಿ 17. ಮಾವನ ಚೀಟಿಯಲ್ಲಿ ಅದರ ಸುದ್ದಿಯೇ ಇಲ್ಲ. ಕಾರಣ ಇದ್ದಿರಬಹುದು, ಹೊಲಿಗೆ ಸೋರುವ ಭಯವಿದ್ದರೆ ಕೊಡುವುದಿಲ್ಲ. ಆದರೆ ಕೇಳಬೇಕು ಅಂತ ನಮಗೆ ಗೊತ್ತಿರಲಿಲ್ಲ. ಗಡ್ಡೆ ಆಳಕ್ಕಿಳಿದವರಿಗೆ ಆಪರೇಷನ್ ಆಗಿ ಮೂರು ತಿಂಗಳೊಳಗೆ ಕೀಮೋ ಶುರು ಮಾಡಿದರೆ ಲಾಭ ಅಂತ 2020ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಮಾವನದ್ದು ಅಷ್ಟು ಆಳ ಇರಲಿಲ್ಲ. ನಿಮ್ಮವರದ್ದು ಇದ್ದರೆ ಕೇಳಿ, ಬೇಗ ಕೇಳಿ.

ಮೂತ್ರಕೋಶದಲ್ಲಿ ಎರಡನೇ ಸಲ ಹೆರೆದು ತೆಗೆದ ಮೇಲೆ ನಾನೇ ಮಾವನಿಗೆ ಹೇಳಿದೆ, ಇದು ಕ್ಯಾನ್ಸರ್ ಅಂತ. ಅಳು ಬರಬಹುದು ಅಂದುಕೊಂಡಿದ್ದೆ, ಬಂದದ್ದು ಸಿಟ್ಟು. "ಇದನ್ನು ಆಗ್ಲೇ ಹೇಳಿದ್ರೆ ಬೀಡಿ ಬಿಡ್ತಿದ್ದೆ. ಗಡ್ಡೆ ತೆಗೆದಾಯ್ತಲ್ಲ ಅಂತ ಎಳೆದದ್ದು ನಾನು."

ಇದಕ್ಕೆ ನನ್ನ ಹತ್ತಿರ ಜವಾಬಿಲ್ಲ. ಬೀಡಿಯ ವಿಷ ಶ್ವಾಸಕೋಶದಲ್ಲೇ ನಿಲ್ಲುವುದಿಲ್ಲ. ರಕ್ತಕ್ಕೆ ಸೇರುತ್ತದೆ, ಕಿಡ್ನಿ ಅದನ್ನು ಸೋಸಿ ಮೂತ್ರಕ್ಕೆ ಬಿಡುತ್ತದೆ, ಮೂತ್ರ ಗಂಟೆಗಟ್ಟಲೆ ಅದೇ ಅಸ್ತರಿಗೆ ತಾಗಿಕೊಂಡಿರುತ್ತದೆ. ಹಾಗಂತ ಬೀಡಿಯನ್ನು ಬಯ್ಯಲು ನಾಲಗೆ ಏಳುವುದಿಲ್ಲ, ನಾನು ಡಿಗ್ರಿ ಮುಗಿಸಿದ್ದು ಅಮ್ಮ ಮತ್ತು ಅತ್ತೆ ಚಾವಡಿಯಲ್ಲಿ ಕೂತು ಕಟ್ಟಿದ ಬೀಡಿಯ ದುಡ್ಡಿನಲ್ಲಿ. (ಬೇಲಿಯ ಈಶ್ವರಿ ಬಳ್ಳಿಯ ಕಷಾಯ ಕುಡಿಸಿ ಅಂತ ಒಬ್ಬರು ಸಲಹೆ ಕೊಟ್ಟರು. ದಯವಿಟ್ಟು ಬೇಡ. ಆ ಜಾತಿಯ ಗಿಡಗಳಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಇದೇ ಕ್ಯಾನ್ಸರನ್ನು ತರುತ್ತದೆ, ತೈವಾನಿನಲ್ಲೂ ಬಾಲ್ಕನ್ ಹಳ್ಳಿಗಳಲ್ಲೂ ಆಗಿದೆ.)

ಹೇಳಿದರೆ ಧೈರ್ಯಗೆಡುತ್ತಾರೆ ಅಂತ ನಾವೆಲ್ಲ ಹೇಳುತ್ತೇವೆ. ನಮ್ಮ ಮನೆಯಲ್ಲಿ ಧೈರ್ಯ ಕಡಿಮೆಯಿದ್ದದ್ದು ನಮಗೆ ಮೂವರಿಗೆ.

ಈಗ ಮಾವನ ಕೋಣೆಯಲ್ಲಿ ಸೊಸೈಟಿಯ ಕ್ಯಾಲೆಂಡರ್ ತೂಗುತ್ತದೆ. ಮೂರು ತಿಂಗಳಿಗೊಂದು ದಿನಕ್ಕೆ ಕೆಂಪು ಸುತ್ತು. ನಿನ್ನೆ ಫೋನ್ ಮಾಡಿದ್ದರು. ಈ ಸಲದ ದಿನವೇ ಪಕ್ಕದ ಮನೆಯಲ್ಲಿ ಕಟೀಲು ಮೇಳದ ಯಕ್ಷಗಾನ ಆಟವಂತೆ. ನಾನು ಬೇರೆ ದಿನ ಕೇಳಲಾ ಅಂದೆ.

"ಬೇಡ, ಬೆಳಿಗ್ಗೆ ಮೊದಲ ನಂಬರು ತೆಗೆದಿಡು. ಸಂಜೆ ಆಟ ಶುರುವಾಗುವ ಮೊದಲು ಚೌಕಿ ಪೂಜೆಗೆ ಮುಟ್ಟಿದ್ರೆ ಆಯ್ತು."