ಊರಿನ ಕಾಯ್ದೆ ಬಲ್ಲ ಕ್ರೈಮ್ ಸಿನಿಮಾ

ಬ್ಯಾಂಕ್ ದೋಚುವ ಅಣ್ಣತಮ್ಮಂದಿರ ಕತೆಯ ಇಂಗ್ಲಿಷ್ ಚಿತ್ರ ‘ಹೆಲ್ ಆರ್ ಹೈ ವಾಟರ್’ (2016) ಮಾತು ಬಂದರೆ ಇಲ್ಲಿ ಟೆಕ್ಸಸ್‌ನಲ್ಲಿರುವ ನಮ್ಮ ಕನ್ನಡಿಗರು ಮೊದಲು ಹೊಗಳುವುದು ಲೊಕೇಶನ್ನನ್ನು. ಆದರೆ ತೆರೆಯ ಮೇಲಿನ ಆ ಬಯಲು ಬಹುಪಾಲು ಪಕ್ಕದ ನ್ಯೂ ಮೆಕ್ಸಿಕೊದ್ದು. ಚಿತ್ರಕ್ಕೆ ಪಶ್ಚಿಮ ಟೆಕ್ಸಸ್‌ನ ಮಣ್ಣಿನ ಗುಣ ಬಂದಿರುವುದು ಟೇಲರ್ ಶೆರಿಡನ್ ಬರೆದ ಚಿತ್ರಕಥೆಯಿಂದ.

ಅಲ್ಲಿ ಅಪರಾಧದ ಒಂದೊಂದು ಹೆಜ್ಜೆಗೂ ಆ ಸೀಮೆಯ ವ್ಯವಹಾರವೇ ಆಧಾರ. ತಾಯಿ ಜಮೀನಿನ ಮೇಲೆ ರಿವರ್ಸ್ ಮಾರ್ಟ್‌ಗೇಜ್ ಸಾಲ ಎತ್ತಿದ್ದಾಳೆ. ಬದುಕಿರುವ ತನಕ ಕಂತಿಲ್ಲ, ಸತ್ತ ಮೇಲೆ ತೀರಿಸದಿದ್ದರೆ ಜಮೀನು ಬ್ಯಾಂಕಿನ ಪಾಲು. ಅದರಡಿ ಎಣ್ಣೆ ಸಿಕ್ಕಿದೆ. ಅಣ್ಣತಮ್ಮಂದಿರು ಅದೇ ಬ್ಯಾಂಕಿನ ಸಣ್ಣ ಊರುಗಳ ಶಾಖೆಗೆ ಬೆಳಬೆಳಗ್ಗೆ, ಗಿರಾಕಿಗಳಿಲ್ಲದಾಗ ನುಗ್ಗುತ್ತಾರೆ. ನೋಟಿನ ಕಟ್ಟು ಪತ್ತೆಗೆ ಸಿಕ್ಕಿಸುತ್ತದೆಂದು ಗಲ್ಲಾದ ಬಿಡಿ ನೋಟನ್ನಷ್ಟೇ ಬಾಚುತ್ತಾರೆ. ಬಳಸಿದ ಕಾರನ್ನು ಹೊಲದಲ್ಲೇ ಗುಂಡಿ ತೋಡಿ ಹೂಳುತ್ತಾರೆ. ಗಡಿಯಾಚೆಯ ಓಕ್ಲಹೋಮಾದ ಕ್ಯಾಸಿನೊದಲ್ಲಿ ಆ ನೋಟು ಚಿಪ್ಸ್ ಆಗಿ, ಚಿಪ್ಸ್ ಬ್ಯಾಂಕಿನ ಹೆಸರಿನ ಚೆಕ್ ಆಗುತ್ತದೆ. ಕಡೆಗೆ ಜಮೀನು ತಮ್ಮನ ಮಕ್ಕಳ ಟ್ರಸ್ಟಿಗೆ, ಟ್ರಸ್ಟಿನ ಉಸ್ತುವಾರಿ ಅದೇ ಬ್ಯಾಂಕಿಗೆ! ಎಣ್ಣೆ ದುಡ್ಡಿನ ಗಿರಾಕಿಯ ವಿರುದ್ಧ ಬ್ಯಾಂಕು ಸಾಕ್ಷಿ ಹುಡುಕುವುದಿಲ್ಲ.

ಲೆಕ್ಕ ತಪ್ಪುವುದೂ ಊರಿನಿಂದಲೇ. ಪೋಸ್ಟ್ ಎಂಬ ಊರಿನ ಶಾಖೆಯಲ್ಲಿ ಜನ ತುಂಬಿದ್ದಾರೆ, ಅವರ ಬಳಿಯೂ ಬಂದೂಕಿದೆ. ಪೊಲೀಸರಿಗಿಂತ ಮೊದಲು ಊರವರೇ ಪಿಕಪ್ ಹತ್ತಿ ಬೆನ್ನಟ್ಟುತ್ತಾರೆ.

ನಮ್ಮಲ್ಲಿ ‘ಗರುಡ ಗಮನ ವೃಷಭ ವಾಹನ’ (2021) ಮಂಗಳೂರಿನ ಮಾತು, ಮಳೆ, ಹುಲಿವೇಷದ ಹೆಜ್ಜೆಯನ್ನು ಸೊಗಸಾಗಿ ಹಿಡಿದಿತ್ತು. ಆದರೆ ಬೆಂಗಳೂರಿನ ಬಹುತೇಕ ರೌಡಿ ಚಿತ್ರಗಳಲ್ಲಿ ಲ್ಯಾಂಡ್ ಮಾಫಿಯಾ ಬರೀ ಡೈಲಾಗು. ಲಾಂಗು ಕಾಣುತ್ತದೆ, ಕಾಗದಪತ್ರ ಕಾಣುವುದಿಲ್ಲ. ನನಗೆ ಬೇಸರವಾಗುವುದು ಅಲ್ಲೇ. ನಿಜದ ಭೂಗಳ್ಳತನ ನೋಡಿ. ಜಿಪಿಎ, ಅಂದರೆ ತಮ್ಮ ಪರವಾಗಿ ಆಸ್ತಿ ವ್ಯವಹಾರ ಮಾಡಲು ಬರೆದುಕೊಡುವ ಅಧಿಕಾರಪತ್ರ, ಕೊಟ್ಟವರು ಸತ್ತರೆ ಸಾಮಾನ್ಯವಾಗಿ ಅದು ಅಲ್ಲಿಗೆ ಮುಗಿಯಿತು. ಆ ಸಾವನ್ನು ಮುಚ್ಚಿಟ್ಟು ಕ್ರಯಪತ್ರ ಬರೆಸುತ್ತಾರೆ, ಇಲ್ಲವೇ ನಕಲಿ ಮಾಲೀಕನನ್ನು ಸಬ್ ರಿಜಿಸ್ಟ್ರಾರ್ ಮುಂದೆ ನಿಲ್ಲಿಸುತ್ತಾರೆ. ಆಮೇಲೆ ಖಾತಾ ಬದಲಾವಣೆ, ರಾತ್ರೋರಾತ್ರಿ ಏಳುವ ಕಾಂಪೌಂಡು. ವರ್ಷಗಟ್ಟಲೆ ಊರಿಗೆ ಬಾರದ ಹೊರನಾಡಿನವರ ಖಾಲಿ ಸೈಟು ಇದಕ್ಕೆ ಸುಲಭದ ತುತ್ತು.

ಟೆಕ್ಸಸ್ ಕತೆಯನ್ನೇ ಬಳ್ಳಾರಿಗೆ ತಂದರೆ ನಿಲ್ಲುವುದಿಲ್ಲ. ನಮ್ಮಲ್ಲಿ ಎಣ್ಣೆ ತೆಗೆಯಲು ಸರ್ಕಾರದ ಲೀಸ್ ಬೇಕು. ಹೊಲದ ಯಜಮಾನನ ಸಹಿಯಿಂದ ಆಗುವ ಕೆಲಸವಲ್ಲ. ನಮ್ಮ ಚಿತ್ರಕಥೆಗಾರರು ಒಂದು ವಾರ ಸಬ್ ರಿಜಿಸ್ಟ್ರಾರ್ ಕಚೇರಿಯ ಹೊರಗೆ, ಪತ್ರ ಬರಹಗಾರರ ಪಕ್ಕ ಕೂರಲಿ.