ಆ ‘ಹೈ ಸಿ’ಯನ್ನು ಯಾರೂ ಕಿತ್ತುಹಾಕಿಲ್ಲ

ಇಟಲಿಯ ಸಂಗೀತಕಾರ ವರ್ದಿಯ ‘ಇಲ್ ತ್ರೊವತೋರೆ’ ಒಪೆರಾದ (ಹಾಡಿನಲ್ಲೇ ನಡೆಯುವ ನಾಟಕ) ಸಂಶೋಧಿತ ಆವೃತ್ತಿ, ಅಂದರೆ ಹಳೆ ಪ್ರತಿಗಳನ್ನು ಹೋಲಿಸಿ ವಿದ್ವಾಂಸರು ಸಿದ್ಧಪಡಿಸಿದ ಸ್ವರಲಿಪಿ ಬಗ್ಗೆ ಒಂದು ಮಾತು ಓಡಾಡುತ್ತಿದೆ. ‘ದಿ ಕ್ವೆಲ್ಲಾ ಪೀರಾ’ ಹಾಡಿಗೆ ವರ್ದಿಯೇ ಬರೆದಿದ್ದ ‘ಹೈ ಸಿ’ಯನ್ನು (ಗಾಯಕ ತುಂಬ ಮೇಲೇರಿ ಹಾಡುವ ಸ್ವರ) ವಿದ್ವಾಂಸರು ತೆಗೆದುಹಾಕಿದರು, ಇನ್ನು ಯಾರೂ ಅದನ್ನು ಹಾಡುವಂತಿಲ್ಲ ಅಂತ. ಎರಡೂ ತಪ್ಪು.

1853ರಲ್ಲಿ ರೋಮ್‌ನಲ್ಲಿ ಮೊದಲು ಪ್ರದರ್ಶನ ಕಂಡ ಈ ಒಪೆರಾದ ಹಸ್ತಪ್ರತಿಯಲ್ಲಿ ಆ ಸ್ವರ ಇಲ್ಲ. ಕೊನೆಯ ‘ಆಲ್ಲಾರ್ಮಿ’ (ಆಯುಧ ಹಿಡಿಯಿರಿ) ಕೂಗಿಗೆ ವರ್ದಿ ಬರೆದದ್ದು ಅದಕ್ಕಿಂತ ಕೆಳಗಿನ ಸ್ವರವಾದ ‘ಜಿ’. ‘ಸಿ’ ಸೇರಿಸಿದ್ದು ಗಾಯಕರು, ಆಮೇಲೆ ಅದೇ ರೂಢಿಯಾಯಿತು. ಆ ಒಂದು ಸ್ವರಕ್ಕಾಗಿ ಎಷ್ಟೋ ಜನ ಇಡೀ ಹಾಡನ್ನೇ ಅರ್ಧ ಸ್ವರ ಇಳಿಸಿ ಹಾಡುತ್ತಾರೆ. ಎರಡನೇ ಚರಣವನ್ನು ಸುಮ್ನೆ ಬಿಟ್ಟುಬಿಡುವುದೂ ಉಂಟು. ನನಗೆ ಜಾಸ್ತಿ ಬೇಸರ ತರುವುದು ಇದೇ, ಯಾಕೆಂದರೆ ಆ ಚರಣ ವರ್ದಿ ನಿಜಕ್ಕೂ ಬರೆದದ್ದು!

ಇಂಥ ಆವೃತ್ತಿಯ ಸಂಪಾದಕರ ಕೆಲಸ ಹಸ್ತಪ್ರತಿ, ನಕಲು ಪ್ರತಿ, ಹಳೆ ಮುದ್ರಣಗಳನ್ನು ಹೋಲಿಸಿ ಯಾವುದು ಯಾರದ್ದು ಅಂತ ತೋರಿಸುವುದು. ಹೀಗೇ ಹಾಡಬೇಕು ಅಂತ ಅಪ್ಪಣೆ ಮಾಡುವುದಲ್ಲ. 2000ದ ಡಿಸೆಂಬರ್‌ನಲ್ಲಿ ಮಿಲಾನಿನ ಒಪೆರಾ ರಂಗಮಂದಿರ ಲಾ ಸ್ಕಾಲಾದಲ್ಲಿ ‘ಸಿ’ ಬಿಟ್ಟು ಹಾಡಿಸಿದ್ದು ವಾದ್ಯವೃಂದದ ನಿರ್ದೇಶಕ ರಿಕಾರ್ದೋ ಮೂತಿಯವರ ತೀರ್ಮಾನ. ಗ್ಯಾಲರಿಯಲ್ಲಿ ಕೂತ ಪ್ರೇಕ್ಷಕರು ಕೂಗಾಡಿದ್ದೂ ಆಗಲೇ. ಬೇಕಾದವರು ಇವತ್ತಿಗೂ ‘ಸಿ’ ಹಾಡುತ್ತಿದ್ದಾರೆ.