ಸ್ಪಷ್ಟನೆ: ಹೊಲಿಗೆ ಬಿಚ್ಚಿದರೆ ಬೆಲ್‌ಬಾಟಮ್ ಆಗುವುದಿಲ್ಲ

"ಬೆಲ್‌ಬಾಟಮ್ ಹುಟ್ಟಿದ್ದೇ ಸಿನಿಮಾದಲ್ಲಿ. ಆ ಸ್ಟೈಲ್ ಬೇಕಾದರೆ ಹಳೆ ಜೀನ್ಸಿನ ಹೊಲಿಗೆ ಬಿಚ್ಚಿ ಅಗಲ ಮಾಡಿಸಿ, ಬಟ್ಟೆ ಖರ್ಚಿಲ್ಲ" ಎಂಬ ಸಂದೇಶ ಬಳ್ಳಾರಿಯ ಕಾಲೇಜು ಹುಡುಗರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಎರಡೂ ತಪ್ಪು.

19ನೇ ಶತಮಾನದಲ್ಲೇ ನೌಕಾಪಡೆಯವರು ಇಂಥ ಪ್ಯಾಂಟು ತೊಡುತ್ತಿದ್ದರು. 1970ರ ದಶಕದ ಸಿನಿಮಾ ಅದನ್ನು ಊರೂರಿಗೆ ಮುಟ್ಟಿಸಿತು, ಅಷ್ಟೆ.

ಇನ್ನು ಹೊಲಿಗೆಯ ಮಾತು. ರೆಡಿಮೇಡ್ ಜೀನ್ಸಿನಲ್ಲಿ ಹೊಲಿಗೆಯೊಳಗೆ ಉಳಿದಿರುವುದು ಸುಮಾರು ಅರ್ಧ ಇಂಚು ಬಟ್ಟೆ. ಕಾಲಿನ ಎರಡೂ ಬದಿ ಬಿಚ್ಚಿದರೂ ಒಂದಿಂಚು ಸಿಕ್ಕರೆ ಹೆಚ್ಚು. ಮೇಲಾಗಿ ಸೂಜಿಯ ತೂತು, ಮಾಸದ ಕಡುನೀಲಿ ಗೆರೆ ಎದ್ದು ಕಾಣುತ್ತವೆ. ತೊಡೆಗೆ ಬಿಗಿ, ಮಂಡಿಯಿಂದ ಕೆಳಗೆ ಅಗಲ: ಆ ಆಕಾರ ಕಟಿಂಗ್‌ನಲ್ಲೇ ಬರಬೇಕು.

ಹಳೆ ಜೀನ್ಸೇ ಬೇಕೆಂದರೆ ಮಂಡಿಯಿಂದ ಕೆಳಕ್ಕೆ ತ್ರಿಕೋನದ ತುಂಡು ಕೂಡಿಸಬೇಕು. ಬಾಟಮ್ ಸುತ್ತಳತೆ 16 ಇಂಚಿದ್ದು 24 ಬೇಕಾದರೆ, ಪ್ರತಿ ಕಾಲಿಗೆ ಬುಡದಲ್ಲಿ 4 ಇಂಚಿನ ಎರಡು ತುಂಡು, ಹೊರಬದಿಗೊಂದು ಒಳಬದಿಗೊಂದು. ಹೊಲಿಗೆಗೆ ಪ್ರತಿ ಅಂಚಿಗೂ ಅರ್ಧ ಇಂಚು ಬೇರೆ ಬಿಡಿ. ಹೊರಬದಿಗಷ್ಟೇ 8 ಇಂಚು ಹಾಕಿ ಕೈತೊಳೆದುಕೊಂಡರೆ ನಡೆಯುವಾಗ ಘೇರು ಒಂದೇ ಕಡೆ ವಾಲುತ್ತದೆ. ತುಂಡಿನ ನಡುಗೆರೆ ಬಟ್ಟೆಯ ಉದ್ದದ ಎಳೆಯ ಮೇಲಿರಲಿ. ಕಟ್‌ಪೀಸ್ ಡೆನಿಮ್ ಒಗೆದ ಮೇಲೆಯೇ ಕತ್ತರಿ ಹಾಕಿ, ಇಲ್ಲವಾದರೆ ಮೊದಲ ಒಗೆತಕ್ಕೇ ಅದು ಕುಗ್ಗಿ ಹೊಲಿಗೆ ಸುಕ್ಕಾಗುತ್ತದೆ. ಸೂಜಿ 16 ನಂಬರ್. ಕೆಳಗಿನ ಮಡಿಕೆ ಅರ್ಧ ಇಂಚು ಸಾಕು. ಅಂಚು ಕಮಾನಾಗಿರುವುದರಿಂದ ಅಗಲ ಮಡಿಚಿದರೆ ನೆರಿಗೆ ಬೀಳುತ್ತದೆ.

ಸ್ಟ್ರೆಚ್ ಜೀನ್ಸಿಗೆ ಈ ಸಾಹಸ ಬೇಡ. ಅದು ಹಿಗ್ಗುತ್ತದೆ, ಕೂಡಿಸಿದ ತುಂಡು ಹಿಗ್ಗುವುದಿಲ್ಲ.